ಕೊನೆಯ ಅಧ್ಯಾಯದ ‘ಅವನು’

ಪ್ರೀತಿಯ ದೊಡ್ಡಪ್ಪಾ,

ಜಗಳದ ನಡುವೆ ಎದ್ದು ಹೋಗುವುದು ನಿಮಗೆ ಹೊಸತೇನಲ್ಲ. ಮಾತು ಬಿಸಿಯಾಯಿತು ಅಂದರೆ ಬಾಲ್ಕನಿಗೆ ಹೋಗಿ, ನೀರು ಹೆಚ್ಚಾಗಿ ಕೊಳೆಯಲು ಶುರುವಾಗಿದ್ದ ಆ ಕರಿಬೇವಿನ ಗಿಡಕ್ಕೆ ಮತ್ತೊಂದು ಚೊಂಬು ನೀರು ಸುರಿದು, ಹತ್ತು ನಿಮಿಷ ಬಿಟ್ಟು ಒಳಗೆ ಬಂದು “ಚಾ ಮಾಡ್ಲಾ?” ಎನ್ನುತ್ತಿದ್ದಿರಿ. ಈ ಸಲ ಮಾತ್ರ ವಾಪಸು ಬರಲೇ ಇಲ್ಲ. ಎಂಟು ತಿಂಗಳಾಯಿತು. ನನ್ನ ಪಾಲಿನ ಮಾತು ಹಾಗೇ ಬಾಕಿ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಉಡುಪಿಯ ಪ್ರೆಸ್ಸಿನವರು ನಿಮ್ಮ ಪುಸ್ತಕದ ಕೊನೆಯ ಪ್ರೂಫ್ ಕಳಿಸಿದ್ದಾರೆ, ಸೋಮವಾರದೊಳಗೆ ಹೂಂ ಅನ್ನಬೇಕಂತೆ. ಕೊನೆಯ ಅಧ್ಯಾಯದಲ್ಲಿ ನಿಮ್ಮ ಪ್ರೆಸಿಡೆಂಟನ್ನು ‘ಅವನು’ ಅನ್ನಬೇಕೋ ‘ಅವರು’ ಅನ್ನಬೇಕೋ ಎಂದು ಕೇಳಿದ್ದಾರೆ. ನಾವಿಬ್ಬರೂ ಮಾತು ಬಿಟ್ಟದ್ದು ಅದೇ ವಿಷಯಕ್ಕಲ್ಲವೇ?

ನಾನು ಓದಲೆಂದು ಸ್ಟುಟ್‌ಗಾರ್ಟಿಗೆ ಬಂದಿಳಿದ ದಿನ ನೆನಪಿದೆಯಾ? ಎಸ್-ಬಾನ್ ರೈಲು ಇಳಿದು ನಿಮ್ಮ ಮನೆಯ ಬೀದಿಗೆ ಹತ್ತುವ ಆ ಕಲ್ಲಿನ ಮೆಟ್ಟಿಲುಗಳು. ಚಕ್ರ ಮುರಿದ ನನ್ನ ಸೂಟ್‌ಕೇಸನ್ನು ಹೆಗಲ ಮೇಲೆ ಹೊತ್ತು ನೀವು ಮುಂದೆ, ಏದುಸಿರು ಬಿಡುತ್ತಾ ನಾನು ಹಿಂದೆ. ಅರ್ಧದಲ್ಲಿ ನಿಂತು ತಿರುಗಿ ನೋಡಿ, ಪ್ರಯಾಣ ಹೇಗಾಯಿತು ಎಂದು ಕೇಳುವ ಬದಲು, ಪ್ರೆಸಿಡೆಂಟ್ರ ಜೀವನಚರಿತ್ರೆ ಬರೆಯುತ್ತಿದ್ದೇನೆ ಎಂದು ಹೇಳಿದಿರಿ. ನನಗೆ ಗೊತ್ತಿದ್ದ ಪ್ರೆಸಿಡೆಂಟ್ರು ಒಬ್ಬರೇ, ನಮ್ಮಪ್ಪ. ಗ್ರಾಮ ಪಂಚಾಯತಿಗೆ ಎರಡು ಸಲ ಅಧ್ಯಕ್ಷರಾಗಿ, ಆ ವರ್ಷವಷ್ಟೇ ಸೋತು ಮನೆಯಲ್ಲಿ ಕೂತಿದ್ದರು. ತಮ್ಮನ ಮೇಲೆ ಒಂದು ಪುಸ್ತಕ ಬರೆಯುವಷ್ಟು ಪ್ರೀತಿ ಈ ಮನುಷ್ಯನಿಗೆ ಇದೆಯಲ್ಲ ಎಂದು ನನ್ನ ಕಣ್ಣು ತುಂಬಿತು. ಮನೆ ಬಾಗಿಲು ತೆರೆಯುವ ಹೊತ್ತಿಗೆ ನೀವು ದಕ್ಷಿಣ ಅಮೆರಿಕ, ಹತ್ತೊಂಬತ್ತನೆಯ ಶತಮಾನ ಎನ್ನತೊಡಗಿದಿರಿ. ಬಂದ ಕಣ್ಣೀರನ್ನು ವಾಪಸು ಕಳಿಸಬೇಕಾಯಿತು.

ಆ ಹುಚ್ಚು ಹಿಡಿಸಿದ್ದು ರಮೋನ್ ಎಂದು ಆಮೇಲೆ ಗೊತ್ತಾಯಿತು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ನಿಮ್ಮ ಪಕ್ಕದ ಲೇತ್ ರಮೋನನದು. ಇಬ್ಬರಿಗೂ ಜರ್ಮನ್ ಅರ್ಧಂಬರ್ಧ. ಊಟದ ಬಿಡುವಿನಲ್ಲಿ ನೀವು ಸ್ಪ್ಯಾನಿಷ್ ಕಲಿತಿರಿ, ರಮೋನ್ ನಿಮ್ಮಿಂದ ‘ಎಂತ ಮಾರಾಯ’ ಕಲಿತ. ತನ್ನ ದೇಶದ ಆ ಹಳೆಯ ಪ್ರೆಸಿಡೆಂಟನ್ನು ಸೋಮವಾರ ಹೊಗಳಿ ಮಂಗಳವಾರ ಬೈಯುತ್ತಿದ್ದನಂತೆ. ಒಂದೇ ಮನುಷ್ಯನ ಬಗ್ಗೆ ಎರಡು ಥರ ಮಾತಾಡುತ್ತೀಯಲ್ಲ ಎಂದು ನೀವು ಕೇಳಿದ್ದಕ್ಕೆ, ನಿವೃತ್ತಿಯ ದಿನ ದಪ್ಪದೊಂದು ಸ್ಪ್ಯಾನಿಷ್ ಪುಸ್ತಕ ಕೈಗಿಟ್ಟು, ಓದಿ ನೀನೇ ತೀರ್ಮಾನ ಮಾಡು ಎಂದನಂತೆ. ದೊಡ್ಡಮ್ಮ ತೀರಿಕೊಂಡ ಮೇಲೆ ಆ ಪುಸ್ತಕ ಕೈಗೆತ್ತಿಕೊಂಡಿರಿ. ಆಮೇಲೆ ಅಂಥವೇ ಇನ್ನಷ್ಟು ತರಿಸಿದಿರಿ. ನಾನು ಬರುವ ಹೊತ್ತಿಗೆ ಒಂಬತ್ತು ನೋಟ್‌ಬುಕ್ ತುಂಬಿ ಹತ್ತನೆಯದು ಶುರುವಾಗಿತ್ತು. ನಿಮಗೆ ಟೈಪ್ ಮಾಡಲು ಬರುತ್ತಿರಲಿಲ್ಲ, ನನಗೆ ಬಾಡಿಗೆಯಿಲ್ಲದ ಕೋಣೆ ಬೇಕಿತ್ತು. ಹೀಗೆ ನಮ್ಮಿಬ್ಬರ ಜೋಡಿ ಕೂಡಿಬಂತು.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನಲ್ಲಿ ನೀವು ಓದಿ ಹೇಳುವುದು, ನಾನು ಟೈಪ್ ಮಾಡುವುದು. ಪ್ರೆಸಿಡೆಂಟ್‌ನ ಆ ಉದ್ದನೆಯ ಹೆಸರು ನನ್ನ ನಾಲಿಗೆಯಲ್ಲಿ ಹೊರಳದೆ, ನಮ್ಮ ಮನೆಯಲ್ಲಿ ಬರೀ ಪ್ರೆಸಿಡೆಂಟ್ ಎಂದೇ ಆಗಿಹೋಯಿತು. ಹುಟ್ಟಿದ್ದು ಬೆಟ್ಟದ ದಾರಿಯಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವವನ ಮನೆಯಲ್ಲಿ. ಓದು ಕಲಿತದ್ದು ಹನ್ನೆರಡು ದಾಟಿದ ಮೇಲೆ, ಒಬ್ಬ ಪಾದ್ರಿಯ ಕಟ್ಟಿಗೆ ಒಡೆದುಕೊಟ್ಟು. ಸೈನ್ಯ ಸೇರಿದ್ದು, ಗೆದ್ದದ್ದು, ದೇಶದ ಅಧ್ಯಕ್ಷಗಿರಿಯ ಕುರ್ಚಿ ಹತ್ತಿದ್ದು. ಗುಲಾಮರಿಗೆಲ್ಲ ಬಿಡುಗಡೆ ಎಂದು ಸಹಿ ಹಾಕಿದ್ದು, ಕತ್ತೆಗಳು ಓಡಾಡುತ್ತಿದ್ದ ಅದೇ ದಾರಿಗಳಲ್ಲಿ ಶಾಲೆ ಕಟ್ಟಿಸಿದ್ದು. ಆಮೇಲೆ ಅವಧಿ ಮುಗಿದರೂ ಕುರ್ಚಿ ಬಿಡದೆ ಕೂತದ್ದು, ಪತ್ರಿಕೆಗಳನ್ನು ಮುಚ್ಚಿಸಿದ್ದು, ಎದುರು ಮಾತಾಡಿದ ಬಾಲ್ಯದ ಗೆಳೆಯನನ್ನೇ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಸಿದ್ದು. ಕೊನೆಗೆ ಸ್ವಂತ ಸೈನ್ಯವೇ ತಿರುಗಿಬಿದ್ದಾಗ ದೇಶ ಬಿಟ್ಟು, ಯುರೋಪಿನ ಒಂದು ಬಂದರು ಪಟ್ಟಣದಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಸತ್ತದ್ದು. ನೋಡಿದಿರಾ, ‘ಅವನು’ ಎಂದೂ ಅನ್ನದೆ, ‘ಅವರು’ ಎಂದೂ ಅನ್ನದೆ ಇಡೀ ಜೀವನ ಹೇಳಿಬಿಟ್ಟೆ. ನಿಮ್ಮ ಹಾಗೆ ಎಲ್ಲದಕ್ಕೂ ತಲೆ ಕೆಡಿಸಿಕೊಳ್ಳುವವಳಲ್ಲ ನಾನು.

ಮೂರನೆಯ ನೋಟ್‌ಬುಕ್ಕಿನಲ್ಲಿ ಇರಬೇಕು, ಮೊದಲ ಸಲ ನಾನು ನಿಮ್ಮನ್ನು ತಡೆದದ್ದು. ಒಂದೇ ಪ್ಯಾರಾದಲ್ಲಿ ‘ಅವನು ಲೇಖನಿ ಕೈಗೆತ್ತಿಕೊಂಡನು’ ಎಂದಿದೆ, ಎರಡು ಸಾಲಿನ ಕೆಳಗೆ ‘ಅವರು ಸಹಿ ಹಾಕಿದರು’ ಎಂದಿದೆ, ಯಾವುದು ಸರಿ ಎಂದು ಕೇಳಿದೆ. ಎರಡೂ ಸರಿ ಎಂದಿರಿ. ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಮರ್ಯಾದೆ ಕೊಡಲಿಕ್ಕಾಗುವುದಿಲ್ಲ, ಗುಲಾಮರ ಬಿಡುಗಡೆಗೆ ಸಹಿ ಬಿದ್ದ ಗಳಿಗೆಯಿಂದ ‘ಅವರು’ ಎಂದು ನಿಮ್ಮ ಲೆಕ್ಕ. ನಾನು ನಕ್ಕೆ. ಪೆನ್ನಿನ ಶಾಯಿ ಒಣಗುವುದರೊಳಗೆ ಬಡ್ತಿ ಕೊಟ್ಟಿರಲ್ಲ ಎಂದೆ. ನೀವು ನಗಲಿಲ್ಲ. ಜರ್ಮನ್‌ನವರಿಗೆ, ಸ್ಪ್ಯಾನಿಷ್‌ನವರಿಗೆ ಈ ತಾಪತ್ರಯವೇ ಇಲ್ಲ, ರಾಜನಿಗೂ ಕಳ್ಳನಿಗೂ ಒಂದೇ ಮಾತು, ಅಭಿಪ್ರಾಯ ಹೇಳದೆಯೇ ಸಾವಿರ ಪುಟ ಬರೆಯಬಹುದು, ಕನ್ನಡದಲ್ಲಿ ಮೊದಲ ಸಾಲಿಗೇ ಸಿಕ್ಕಿಬೀಳುತ್ತೇವೆ ಎಂದು ಗೊಣಗಿದಿರಿ. ಹಾಗಾದರೆ ಸುಮ್ಮನೆ ಉದ್ದಕ್ಕೂ ‘ಆತ’ ಎಂದು ಹಾಕಿ, ಪೇಪರಿನವರು ಹಾಗೇ ಮಾಡುತ್ತಾರೆ ಎಂದು ನಾನು ಬುದ್ಧಿ ಹೇಳಿದೆ.

“ಆತ ಅಂದ್ರೆ ಪೊಲೀಸ್ ಸ್ಟೇಷನಿನಲ್ಲಿ ಬರೆಸಿದ ಹಾಗೆ ಆಗ್ತದೆ ಮಾರಾಯ್ತಿ,” ಎಂದಿರಿ.

ಗೆಳೆಯನಿಗೆ ಗುಂಡು ಹೊಡೆಸಿದ ಅಧ್ಯಾಯ ಬಂದಾಗ ಮಾತ್ರ, ಹದಿನಾಲ್ಕು ಪುಟವೂ ‘ಆತ’ ಎಂದೇ ಬರೆದಿದ್ದಿರಿ.

ಕೊನೆಯ ನೋಟ್‌ಬುಕ್ ತೆರೆದದ್ದು ಕಳೆದ ಚಳಿಗಾಲದ ಕೊನೆಗೆ. ದೇಶ ಬಿಟ್ಟ ಮುದುಕ, ಒಲೆಗೆ ಕಲ್ಲಿದ್ದಲು ಸಾಲದೆ ಕೋಟು ಹಾಕಿಕೊಂಡೇ ಮಲಗುತ್ತಾನೆ, ಮಗಳ ಕಾಗದ ಬಂತಾ ಎಂದು ದಿನಾ ಮನೆಯೊಡತಿಯನ್ನು ಕೇಳುತ್ತಾನೆ, ಸಾಯುವ ವಾರ ತನ್ನ ಕಾಲುಚೀಲ ತಾನೇ ಹೊಲಿದುಕೊಳ್ಳುತ್ತಾನೆ. ಅಲ್ಲಿ ನೀವು ಮತ್ತೆ ‘ಅವನು’ಗೆ ಇಳಿದಿದ್ದಿರಿ. ನನಗೆ ತಡೆಯಲಾಗಲಿಲ್ಲ. ಕುರ್ಚಿ ಹೋದ ಮೇಲೆ ಮರ್ಯಾದೆಯೂ ಹೋಯಿತಾ ಎಂದು ಕೇಳಿದೆ. ಅಪ್ಪ ಸೋತ ಮರುದಿನ ಏನಾಯಿತು ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಹಿಂದಿನ ದಿನದವರೆಗೂ “ಪ್ರೆಸಿಡೆಂಟ್ರು ಬಂದ್ರು, ಕುರ್ಚಿ ಕೊಡಿ” ಎನ್ನುತ್ತಿದ್ದ ಹೋಟೆಲಿನವನು, ಅಪ್ಪ ಒಳಗೆ ಕಾಲಿಡುವಾಗ ಮಾಣಿಗೆ “ಅವ ಬಂದಿದ್ದಾನೆ, ಎಂತ ಬೇಕು ಕೇಳು” ಎಂದ. ನಾನು ಪಕ್ಕದಲ್ಲೇ ಇದ್ದೆ. ಅಪ್ಪ ಏನೂ ಆಗದವರ ಹಾಗೆ ಕೂತು ಚಾ ಕುಡಿದರು. ಆ ದಿನದಿಂದ ಸೋತವರ ಬಗ್ಗೆ ಯಾರಾದರೂ ‘ಅವ’ ಅಂದರೆ ನನ್ನ ಮೈ ಉರಿಯುತ್ತದೆ. ಇದನ್ನೆಲ್ಲ ನಿಮಗೆ ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ, ಬರೀ ಕೂಗಾಡಿದೆ. ನೀವು ಅದು ಹಾಗೇ ಇರಲಿ ಎಂದು ಬಾಲ್ಕನಿಗೆ ಹೋದಿರಿ.

ಆಮೇಲಿನ ಕೆಲಸ ನನ್ನದು, ಒಪ್ಪಿಕೊಳ್ಳುತ್ತೇನೆ. ಫೈಲನ್ನು ಪ್ರೆಸ್ಸಿಗೆ ಕಳಿಸುವ ಮೊದಲು ಕೊನೆಯ ಅಧ್ಯಾಯವನ್ನು ನಿಮಗೆ ಗೊತ್ತಾಗದ ಹಾಗೆ ತಿದ್ದಿದೆ. ‘ಮಲಗಿದನು’ ಇದ್ದಲ್ಲಿ ‘ಮಲಗಿದರು’, ‘ಕೇಳಿದನು’ ಇದ್ದಲ್ಲಿ ‘ಕೇಳಿದರು’, ಒಂದೊಂದನ್ನೂ ಕೈಯಾರೆ. ಕ್ರಿಯಾಪದ ಮುಗಿಸುವಷ್ಟರಲ್ಲಿ ಸಾಕಾಗಿ ಹೋಗಿತ್ತು. ಉಳಿದದ್ದನ್ನು ಒಂದೇ ಏಟಿಗೆ ಮುಗಿಸೋಣ ಎಂದು ‘ಅವನ’ ಇರುವಲ್ಲೆಲ್ಲ ‘ಅವರ’ ಮಾಡು ಎಂದು ಕಂಪ್ಯೂಟರಿಗೆ ಹೇಳಿದೆ. ಅದು ಹೇಳಿದ ಮಾತು ಕೇಳುವ ಜಾತಿ, ಇಡೀ ಪುಸ್ತಕಕ್ಕೇ ಮಾಡಿಬಿಟ್ಟಿತು. ನಾನು ನೋಡಲೂ ಇಲ್ಲ, ಕಳಿಸಿದೆ. ಎಂಜಿನಿಯರ್ ಅಂತೆ ನಾನು.

ಪ್ರೂಫಿನ ಕಟ್ಟು ಬಂದ ಬೆಳಿಗ್ಗೆ ನೀವು ಕನ್ನಡಕ ಒರೆಸಿಕೊಂಡು, ದೇವರ ಪ್ರಸಾದ ಬಿಚ್ಚುವ ಹಾಗೆ ಬಿಚ್ಚಿದಿರಿ. ಮೊದಲ ಪುಟದಲ್ಲೇ ‘ಏಳು ವರ್ಷದ ಅವರು ಕತ್ತೆಯ ಬಾಲ ಹಿಡಿದು ಬೆಟ್ಟ ಹತ್ತಿದನು’ ಎಂದಿತ್ತು. ನೀವು ಹುಬ್ಬೇರಿಸಿದಿರಿ. ‘ಅವನತಿ’ ಎಂಬ ಅಧ್ಯಾಯದ ತಲೆಬರಹ ದಪ್ಪ ಅಕ್ಷರದಲ್ಲಿ ‘ಅವರತಿ’ ಆಗಿತ್ತು. ಅದನ್ನು ಜೋರಾಗಿ ಓದಿ, ಮರ್ಯಾದೆ ಕೊಡುವುದಾದರೆ ಹೀಗೆ ಕೊಡಬೇಕು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿರಿ, ನಿಮ್ಮ ಕಣ್ಣಲ್ಲಿ ನೀರು ಬಂತು. ನಾನೂ ನಕ್ಕೆ. ಕಂಪ್ಯೂಟರಿನ ತಪ್ಪು ಎಂದು ಪಾರಾದೆ ಎಂದುಕೊಂಡೆ. ನೀವು ನಗುತ್ತಲೇ ಪುಟ ತಿರುವುತ್ತಾ ಕೊನೆಯ ಅಧ್ಯಾಯಕ್ಕೆ ಬಂದಿರಿ. ಅಲ್ಲಿ ತಪ್ಪೇ ಇರಲಿಲ್ಲ. ‘ಅವರು ಕೋಟು ಹಾಕಿಕೊಂಡು ಮಲಗಿದರು’, ಎಲ್ಲವೂ ಅಚ್ಚುಕಟ್ಟು. ಕಂಪ್ಯೂಟರಿಗೆ ಕ್ರಿಯಾಪದ ತಿದ್ದಲು ಬರುವುದಿಲ್ಲ ಎಂದು ಅದಾಗಲೇ ನಲವತ್ತು ಪುಟಗಳಲ್ಲಿ ನೋಡಿದ್ದಿರಲ್ಲ, ಇದು ನನ್ನ ಕೈಕೆಲಸ ಎಂದು ತಿಳಿದುಹೋಯಿತು.

“ಮರ್ಯಾದೆ ಕೊಟ್ಟದ್ದಲ್ಲ ಸುಮಾ ನೀನು,” ಎಂದಿರಿ. “ಒಳಗೆ ಕೂತು ಉಣ್ತಾ ಇದ್ದವನನ್ನು ಎಬ್ಬಿಸಿ ಹೊರಗಿನವರ ಹಾಗೆ ಚಾವಡಿಯಲ್ಲಿ ಕೂರಿಸಿದ್ದು.”

ಸೋತವರನ್ನು ಏಕವಚನದಲ್ಲಿ ಕರೆದು ಅದಕ್ಕೆ ಪ್ರೀತಿ ಅಂತ ಹೆಸರಿಡುವುದು ಗಂಡಸರ ಸೋಗು ಎಂದು ನಾನು ತಿರುಗಿ ಹೇಳಿದೆ. ಎಂಥ ಮಾತು ಅದು. ನನ್ನ ಬಾಯಿಂದ ಬಂತು ಅಂದರೆ ಈಗ ನಾಚಿಕೆಯಾಗುತ್ತದೆ.

ಹನ್ನೊಂದು ದಿನ. ಒಂದೇ ಮನೆಯಲ್ಲಿ ಹನ್ನೊಂದು ದಿನ ಮಾತಿಲ್ಲದೆ ಇರುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಕಟ್ಟಡದ ಮೆಟ್ಟಿಲು ಗುಡಿಸುವ ಸರದಿಯ ‘ಕೇರ್‌ವೋಖೆ’ ಫಲಕ ಆ ವಾರ ನಮ್ಮ ಬಾಗಿಲಿಗೆ ಬಂದಿತ್ತು. ನೀವು ಮೇಲಿನಿಂದ ಗುಡಿಸಿಕೊಂಡು ಬಂದಿರಿ, ನಾನು ಕೆಳಗಿನಿಂದ ಒರೆಸಿಕೊಂಡು ಹೋದೆ, ನಡುವಿನ ಮಹಡಿಯಲ್ಲಿ ಎದುರಾದಾಗ ಇಬ್ಬರೂ ಬೇರೆ ಬೇರೆ ಗೋಡೆ ನೋಡಿದೆವು. ಭಾನುವಾರ ಅಪ್ಪನ ಫೋನ್ ಬಂದಾಗ ಮಾತ್ರ ಏನೂ ಆಗದವರ ಹಾಗೆ ನಟಿಸಿದೆವು. ನಿಮಗೆ ಫೋನ್ ಮಾಡುವಾಗ ಅಪ್ಪ ಎದ್ದು ನಿಲ್ಲುತ್ತಾರೆ ಎಂದು ಅಮ್ಮ ಯಾವಾಗಲೂ ತಮಾಷೆ ಮಾಡುತ್ತಾಳಲ್ಲ. ಅಣ್ಣ ಹೇಗಿದ್ದಾರೆ, ಅಣ್ಣನಿಗೆ ಶೀತ ಕಡಿಮೆ ಆಯಿತಾ, ಅವರ ಪುಸ್ತಕ ಎಲ್ಲಿಗೆ ಬಂತು ಎಂದು ಅವತ್ತೂ ಅದೇ ವಿನಯ. ನಿಮಗಿಂತ ಹನ್ನೊಂದು ವರ್ಷಕ್ಕೆ ಕಿರಿಯರು, ನಿಮ್ಮ ಹೆಗಲ ಮೇಲೆ ಬೆಳೆದವರು. ನಿಮ್ಮ ಮೇಲೆ ಸಿಟ್ಟು ಬಂದಾಗಲೂ “ಅಣ್ಣನವರಿಗೆ ಅರ್ಥ ಆಗುದಿಲ್ಲ” ಎಂದಷ್ಟೇ ಹೇಳುವವರು.

ಹನ್ನೆರಡನೆಯ ಬೆಳಿಗ್ಗೆ ನಾನೇ ಸೋಲೋಣ ಎಂದು ಚಾ ಮಾಡಿ ನಿಮ್ಮ ಕೋಣೆಯ ಬಾಗಿಲು ತಟ್ಟಿದೆ. ಇದನ್ನು ನೀವು ನಂಬಬೇಕು ದೊಡ್ಡಪ್ಪ. ಎರಡು ಲೋಟ ಮಾಡಿದ್ದೆ. ಕ್ಷಮೆ ಕೇಳುವುದಕ್ಕಲ್ಲ, ನನಗೆ ಆ ಬುದ್ಧಿ ಅಷ್ಟು ಬೇಗ ಬರುವುದಿಲ್ಲ, ಹೋಟೆಲಿನವನ ಕತೆಯಾದರೂ ಹೇಳಿಬಿಡೋಣ ಎಂದು. ನೀವು ಗೋಡೆಯ ಕಡೆ ತಿರುಗಿ ಮಲಗಿದ್ದಿರಿ. ಕೈ ಮುಟ್ಟಿದೆ… ಡಾಕ್ಟರ್ ಬಂದರು, ಫಾರ್ಮ್ ತುಂಬಿದರು, ‘ಅವನು’ಗೂ ‘ಅವರು’ಗೂ ಒಂದೇ ಆದ ಆ ಜರ್ಮನ್ ‘ಎರ್’ ಎಂದು ನಿಮ್ಮನ್ನು ಕರೆಯುತ್ತಾ, ನಿದ್ದೆಯಲ್ಲೇ ಹೋಗಿದ್ದಾರೆ, ನೋವಾಗಿರಲಿಕ್ಕಿಲ್ಲ ಎಂದರು. ನೋವಾಗಿತ್ತೋ ಇಲ್ಲವೋ ಅವರಿಗೆ ಹೇಗೆ ಗೊತ್ತು? ನಾನು ಆಡಿದ ಮಾತು ಅವರು ಕೇಳಿಸಿಕೊಂಡಿದ್ದರಾ?

ಆಮೇಲಿನ ಶನಿವಾರಗಳಲ್ಲೆಲ್ಲ ನಾನು ಒಬ್ಬಳೇ ಅಡುಗೆಮನೆಯ ಮೇಜಿನಲ್ಲಿ ಕೂತೆ. ಈ ಕಡೆ ನಿಮ್ಮ ಹತ್ತು ನೋಟ್‌ಬುಕ್, ಆ ಕಡೆ ಕಂಪ್ಯೂಟರ್. ಒಂದೇ ಏಟಿನ ಕೆಲಸ ಈ ಸಲ ಮಾಡಲಿಲ್ಲ. ಹಾಳಾದ ಒಂದೊಂದು ‘ಅವರ’ನ್ನೂ ನಿಮ್ಮ ಕೈಬರಹದ ಜೊತೆ ಹೋಲಿಸಿ, ‘ಅವನ’ ಇದ್ದಲ್ಲಿ ‘ಅವನ’ ಮಾಡುತ್ತಾ ಹೋದೆ. ಎಷ್ಟೋ ಕಡೆ ನೀವು ಮೊದಲು ‘ಅವರು’ ಬರೆದು, ಹೊಡೆದು ಹಾಕಿ, ‘ಅವನು’ ಬರೆದಿದ್ದೀರಿ. ಕೆಲವು ಕಡೆ ಅದನ್ನೂ ಹೊಡೆದು ಮತ್ತೆ ‘ಅವರು’ ಮಾಡಿದ್ದೀರಿ. ಟೈಪ್ ಮಾಡುವಾಗ ನೀವು ಓದಿ ಹೇಳುತ್ತಿದ್ದಿರಿ, ನಾನು ನೋಟ್‌ಬುಕ್ಕಿನ ಒಳಗೆ ಕಣ್ಣು ಹಾಕಿಯೇ ಇರಲಿಲ್ಲ. ಎಲ್ಲದಕ್ಕಿಂತ ಹೆಚ್ಚು ಗೀಚು ಇರುವುದು ಗುಂಡು ಹೊಡೆಸಿದ ಅಧ್ಯಾಯದಲ್ಲಿ. ಕೊನೆಯ ಅಧ್ಯಾಯದಲ್ಲಿ ಮಾತ್ರ ಒಂದೇ ಒಂದು ಗೀಚು ಇಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಹದದಲ್ಲಿ, ಎಲ್ಲೂ ನಿಲ್ಲದೆ ‘ಅವನು’ ಎಂದೇ ಬರೆದುಕೊಂಡು ಹೋಗಿದ್ದೀರಿ.

ನಿನ್ನೆ ಪ್ರೆಸ್ಸಿನವರು ಫೋನ್ ಮಾಡಿದ್ದರು. ತುಂಬಾ ಒಳ್ಳೆಯವರು, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡವರು. ಪುಸ್ತಕ ಓದಿಸಿಕೊಂಡು ಹೋಗುತ್ತದೆ, ಆದರೆ ಒಬ್ಬನೇ ಮನುಷ್ಯ ಒಮ್ಮೆ ಏಕವಚನ, ಒಮ್ಮೆ ಬಹುವಚನ, ನಡುವೆ ‘ಆತ’ ಬೇರೆ, ಓದುವವರು ಕರಡು ತಿದ್ದಿಲ್ಲ ಎಂದುಕೊಳ್ಳುತ್ತಾರೆ ಮೇಡಂ ಎಂದರು. ಕೊನೆಗೆ ಪಾಪದ ಮುದುಕ ಸಾಯುವಾಗಲಾದರೂ ‘ಅವರು’ ಅನ್ನೋಣ, ತೀರಿಕೊಂಡವರ ಬಗ್ಗೆ ಹಾಗೆ ಬರೆಯುವುದು ಚೆನ್ನಾಗಿ ಕಾಣುವುದಿಲ್ಲ ಎಂದರು. ಅವತ್ತು ನಾನು ನಿಮ್ಮೆದುರು ವಾದಿಸಿದ್ದನ್ನೇ ಅವರು ನನಗೆ ಹೇಳುತ್ತಿದ್ದರು. ಲೇಖಕರು ಬರೆದ ಹಾಗೇ ಇರಲಿ, ಒಂದಕ್ಷರವೂ ಮುಟ್ಟಬೇಡಿ ಎಂದೆ. ಬೇಕಾದರೆ ಕರಡು ತಿದ್ದಿದವರು ಎಂದು ನನ್ನ ಹೆಸರು ಹಾಕಿ, ಬೈಗುಳ ನನಗೇ ಬರಲಿ ಎಂದೆ. ಸೋಮವಾರ ಬರವಣಿಗೆಯಲ್ಲೂ ಇದನ್ನೇ ಕಳಿಸುತ್ತೇನೆ. ನಿಮ್ಮ ಪ್ರೆಸಿಡೆಂಟ್ ನೀವು ಕೂರಿಸಿದಲ್ಲೇ ಕೂತಿರುತ್ತಾನೆ. ಇದು ನನ್ನ ಮಾತು.

ಇಷ್ಟು ಹಟಮಾರಿ ಹುಡುಗಿಗೆ ಬುದ್ಧಿ ಎಲ್ಲಿಂದ ಬಂತು ಎಂದು ಕೇಳುತ್ತೀರಲ್ಲವೇ? ನಿಮ್ಮ ಚಾವಡಿಯ ಮಾತಿನಿಂದಲ್ಲ, ಸುಳ್ಳೇಕೆ ಹೇಳಲಿ. ನೋಟ್‌ಬುಕ್ಕಿನಿಂದಲೂ ಅಲ್ಲ, ಅದು ಆಮೇಲಿನದು. ನೀವು ಕೇಳದೇ ಹೋದ ಒಂದು ಸುದ್ದಿ ಇದೆ. ಯಾರಿಗೂ ಹೇಳಿಲ್ಲ, ಅಮ್ಮನಿಗೂ.

ಡಾಕ್ಟರ್ ಹೋದ ಮೇಲೆ ನಾನು ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಆಗ ಮಧ್ಯಾಹ್ನದ ಹೊತ್ತು, ಹಿಂದೆ ಕುಕ್ಕರಿನ ಸದ್ದು ಕೇಳುತ್ತಿತ್ತು. ಹೇಗೆ ಹೇಳಿದೆನೋ ನೆನಪಿಲ್ಲ, ಹೇಳಿದೆ. ಅಣ್ಣ ಹೋದರಾ ಎಂದು ಕೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ಅವ ರಾತ್ರಿ ಉಂಡಿದ್ನಾ?” ಎಂದರು.

ಯಾರ ಬಗ್ಗೆ ಕೇಳುತ್ತಿದ್ದಾರೆ ಎಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ.

“ಅವನಿಗೆ ಹಸಿವೆ ತಡೀಲಿಕ್ಕೆ ಆಗುದಿಲ್ಲ ಸುಮಾ, ನಾನು ಸಣ್ಣದಿರುವಾಗಿಂದ ನೋಡಿದ್ದೇನೆ. ಹಸ್ಕೊಂಡು ಮಲಗಿರ್ಲಿಲ್ಲ ಅಲ್ವಾ ಅವ?”

“ಇಲ್ಲ ಅಪ್ಪ,” ಎಂದೆ. “ಗಂಜಿ ಮಾಡಿಟ್ಟಿದ್ದೆ. ಎರಡು ಸಲ ಬಡಿಸ್ಕೊಂಡು ಉಂಡಿದ್ದ.”

ಸುಮಾ